ಸಿಲಿಂಡರು ತಾನಾಗಿ ಎರಡೂವರೆ ತಿಂಗಳು ಬರುವುದಿಲ್ಲ

ಮೂರು ವರ್ಷದ ಹಿಂದೆ ನಾನೊಂದು ಲಲಿತ ಪ್ರಬಂಧ ಬರೆದಿದ್ದೆ. ಹಾರಂಗಿಯ ನಮ್ಮ ಮನೆ, ಅಮ್ಮನ ಅಡುಗೆಮನೆ, ಎರಡೂವರೆ ತಿಂಗಳು ಬರುವ ಗ್ಯಾಸ್ ಸಿಲಿಂಡರು, ಉಪ್ಪುನೀರಿನಲ್ಲಿ ಹಾಕಿಟ್ಟ ಕಣಿಲೆ, ಬೆಲ್ಲದ ಕಾಫಿ, ನನ್ನ ಹಳೆಯ ನೋಟ್‌ಬುಕ್ಕುಗಳ ಖಾಲಿ ಹಾಳೆ ಕಿತ್ತು ಹೊಲಿದ ಲೆಕ್ಕದ ಪುಸ್ತಕ ಎಲ್ಲವೂ ಅದರಲ್ಲಿತ್ತು. ಕಾಲೇಜೊಂದರ ಯುವ ಬರಹಗಾರರ ಕಾರ್ಯಕ್ರಮದಲ್ಲಿ ಓದಿದಾಗ ಒಳ್ಳೆಯ ಚಪ್ಪಾಳೆ ಬಿತ್ತು. ಹಿರಿಯರೊಬ್ಬರು ಊಟದ ಸಾಲಿನಲ್ಲಿ ಸಿಕ್ಕಿ, ಇಂಥ ಅಮ್ಮಂದಿರು ಇನ್ನು ಹುಟ್ಟುವುದಿಲ್ಲ ಎಂದು ಕಣ್ಣೊರೆಸಿಕೊಂಡರು. ಊರಿಗೆ ಬಂದವನು ಅಮ್ಮನಿಗೂ ಓದಿ ಹೇಳಿದೆ. ಆಕೆ ಮೊರದಲ್ಲಿ ಅವರೆಕಾಯಿ ಸುಲಿಯುತ್ತ ಪೂರ್ತಿ ಕೇಳಿದಳು. "ಚೆನ್ನಾಗಿದೆ ಮಗ, ಎಲ್ಲಾ ಬರ್ದಿದ್ದೀಯ. ಹಲ್ಲಿನ ವಿಷ್ಯ ಒಂದು ಬಿಟ್ಟಿದ್ದೀಯ" ಅಂದಳು. ಬೇಜಾರಿನಿಂದ ಹೇಳಿದ್ದಲ್ಲ. ಲೆಕ್ಕದಲ್ಲಿ ಒಂದು ಸಾಲು ತಪ್ಪಿದೆ ಎಂದು ತೋರಿಸುವ ಹಾಗೆ ಹೇಳಿದ್ದು.

ಹಲ್ಲಿನ ವಿಷಯ ಇಷ್ಟೇ. 2017ರಲ್ಲಿ ಅಮ್ಮನ ದವಡೆ ಹಲ್ಲೊಂದು ನೋಯತೊಡಗಿತು. ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಿದರೆ ಉಳಿಯುತ್ತದೆ, ಆರು ಸಾವಿರ ಆಗುತ್ತದೆ ಎಂದರು. ಕೀಳಿಸಿದರೆ ಹೆಚ್ಚುಕಡಿಮೆ ಪುಕ್ಕಟೆ. ಕೀಳಿಸಿದೆವು. 2018ರಲ್ಲಿ ಇನ್ನೊಂದು, 2020ರಲ್ಲಿ ಒಂದು, 2022ರಲ್ಲಿ ಒಂದು. ಈಗ ಆಕೆ ಎಡಗಡೆ ಮಾತ್ರ ಅಗಿಯುತ್ತಾಳೆ. ಕಡುಬಿಗೆ ತೊಂದರೆಯಿಲ್ಲ, ಚಪಾತಿಯನ್ನು ಸಾರಿನಲ್ಲಿ ನೆನೆಸಬೇಕು. ನನ್ನ ಪ್ರಬಂಧದಲ್ಲಿ ಆಕೆ ಸಾರಿನಲ್ಲಿ ಚಪಾತಿ ನೆನೆಸಿ ತಿನ್ನುವ ಚಿತ್ರ ಇತ್ತು. ಅದು ಆಕೆಯ ಹಳೆಯ ಕಾಲದ ರುಚಿ ಎಂಬಂತೆ ಬರೆದಿದ್ದೆ.

ನನ್ನ ಪಿಎಚ್‌.ಡಿ. ಕೆಲಸ ಲಲಿತ ಪ್ರಬಂಧಗಳ ಮೇಲೆ. ಹಾಗಾಗಿ ಕಳೆದ ನಾಲ್ಕು ವರ್ಷದಲ್ಲಿ ಕನ್ನಡದ ಪ್ರಬಂಧಗಳನ್ನು, ಅದರಲ್ಲೂ ಈಚಿನವನ್ನು, ಆರೋಗ್ಯಕ್ಕೆ ಒಳ್ಳೆಯದಲ್ಲದಷ್ಟು ಓದಿದ್ದೇನೆ. ಅವುಗಳಲ್ಲಿ ಮಿತವ್ಯಯದ ಅಮ್ಮ ಒಂದು ಸಿದ್ಧ ಪಾತ್ರ. ಸಾಸಿವೆ ಡಬ್ಬಿಯಲ್ಲಿ ದುಡ್ಡು ಬಚ್ಚಿಡುವವಳು, ಹಳೇ ಸೀರೆಯಲ್ಲಿ ಹೊದಿಕೆ ಹೊಲಿಯುವವಳು, ಉಳಿದ ಅನ್ನಕ್ಕೆ ಹೊಸ ಹೆಸರಿಟ್ಟು ಬಡಿಸುವವಳು. ಓದುಗನಿಗೆ ಗಂಟಲು ಕಟ್ಟುವಂತೆ ಮಾಡಿ ಪ್ರಬಂಧ ಮುಗಿಯುತ್ತದೆ. ನಾನೂ ಹಾಗೇ ಮುಗಿಸಿದ್ದೆ. ಈ ಬರಹದ ಜಗಳ ಆ ಪ್ರಬಂಧದ ಜೊತೆ, ಹಾಗಾಗಿ ಮೊದಲು ನನ್ನ ಜೊತೆ.

ಆ ಪ್ರಬಂಧಗಳ ವ್ಯಾಕರಣ ಗಮನಿಸಿ. ಸಿಲಿಂಡರು ಎರಡೂವರೆ ತಿಂಗಳು "ಬರುತ್ತಿತ್ತು". ಒಂದು ಪಾಕೆಟ್ ಹಾಲು ಎರಡು ಹೊತ್ತಿಗೆ "ಆಗುತ್ತಿತ್ತು". ದುಡ್ಡು "ಉಳಿಯುತ್ತಿತ್ತು", ಸಾಲ "ತೀರಿತು". ಕನ್ನಡದಲ್ಲಿ ಎಷ್ಟು ಅನುಕೂಲ ನೋಡಿ, ಯಾರು ಮಾಡಿದರು ಎಂದು ಹೇಳದೆಯೇ ಇಡೀ ಸಂಸಾರದ ಕತೆ ಹೇಳಿ ಮುಗಿಸಬಹುದು. ಸಿಲಿಂಡರು ತಾನಾಗಿ ಎರಡೂವರೆ ತಿಂಗಳು ಬರುವುದಿಲ್ಲ. ಬೆಳಗಿನ ಜಾವ ಐದಕ್ಕೆ ಎದ್ದು, ಕಸಿ ಮಾಡಿದ ಕಾಫಿ ರೆಕ್ಕೆಯನ್ನೋ ಸಿಲ್ವರ್ ಓಕಿನ ಪುಳ್ಳೆಯನ್ನೋ ಒಲೆಗಿಟ್ಟು, ಜುಲೈ ತಿಂಗಳ ಹಸಿ ಸೌದೆಯನ್ನು ಊದಿ ಊದಿ ಹತ್ತಿಸಿ, ಸ್ನಾನದ ನೀರು, ಅನ್ನ, ಹುರುಳಿ ಎಲ್ಲವನ್ನೂ ಅದರ ಮೇಲೆ ಬೇಯಿಸಿದರೆ ಬರುತ್ತದೆ. ಗ್ಯಾಸು ಒಗ್ಗರಣೆಗೆ ಮತ್ತು ನೆಂಟರಿಗೆ. ಮಳೆಗಾಲ ಮುಗಿಯುವ ತನಕ ಅಮ್ಮನಿಗೆ ಒಂದು ಕೆಮ್ಮು ಇರುತ್ತಿತ್ತು. ಅದಕ್ಕೆ ನಮ್ಮ ಮನೆಯಲ್ಲಿ "ಆಟಿ ಕೆಮ್ಮು" ಎಂದೇ ಹೆಸರು, ಆಟಿ ತಿಂಗಳೇ ತಂದುಕೊಟ್ಟು ಹೋಗುತ್ತದೇನೋ ಎಂಬಂತೆ.

ಥೋರೋನನ್ನು ಮೆಚ್ಚುವವರು ನಮ್ಮ ನಡುವೆ ಬಹಳ. ಅವನು 1845ರಲ್ಲಿ ವಾಲ್ಡನ್ ಕೊಳದ ಬಳಿ ಕಟ್ಟಿಕೊಂಡ ಮನೆಯ ಖರ್ಚನ್ನು ಹಲಗೆ, ಮೊಳೆ, ಸುಣ್ಣ ಎಂದು ಪಟ್ಟಿ ಮಾಡಿ ಕೊಡುತ್ತಾನೆ. ಒಟ್ಟು 28 ಡಾಲರ್ 12 ಸೆಂಟ್ ಚಿಲ್ಲರೆ. ಜಾಗ ಎಮರ್ಸನ್ನನದು, ಅದಕ್ಕೆ ಬಾಡಿಗೆಯಿಲ್ಲ. ಸೆಮಿನಾರುಗಳಲ್ಲಿ ಈ 28 ಡಾಲರ್ ಆಗಾಗ ಕೇಳಿಬರುತ್ತದೆ. ಅದೇ ಅಧ್ಯಾಯದಲ್ಲಿ ಊಟದ ಲೆಕ್ಕ ಕೊಡುವಾಗ ಆತ ಇನ್ನೊಂದು ಮಾತು ಸೇರಿಸುತ್ತಾನೆ: ಬಟ್ಟೆ ಒಗೆದದ್ದು, ಹೊಲಿದದ್ದು ಹೆಚ್ಚಾಗಿ ಹೊರಗಡೆ ಆಯಿತು, ಅದರ ಬಿಲ್ಲು ಇನ್ನೂ ಬಂದಿಲ್ಲ ಎಂಬರ್ಥದ್ದು. ಪಾಪ, ಪ್ರಾಮಾಣಿಕ. ಬಿಲ್ಲು ಬಾಕಿ ಇದೆ ಎಂದಾದರೂ ಬರೆದ. ನಮ್ಮ ಪ್ರಬಂಧಕಾರರು ಅಷ್ಟೂ ಬರೆಯುವುದಿಲ್ಲ.

ಸರಿ, ನಮ್ಮ ಮನೆಯ ಲೆಕ್ಕ ಕೊಡುತ್ತೇನೆ. ಅಪ್ಪ ಸುಂಟಿಕೊಪ್ಪದ ಕಡೆ ಒಂದು ಕಾಫಿ ತೋಟದಲ್ಲಿ ರೈಟರು. ಕೊಡಗಿನ ಹೊರಗಿನವರಿಗೆ ಹೇಳಬೇಕು, ಇಲ್ಲಿ ರೈಟರ್ ಅಂದರೆ ಸಾಹಿತಿಯಲ್ಲ. ಆಳುಗಳ ಹಾಜರಿ, ಕುಯ್ಲಿನ ತೂಕ, ಗೊಬ್ಬರದ ಮೂಟೆ ಬರೆದಿಡುವವನು. ತೋಟದ ಕ್ವಾರ್ಟರ್ಸು ಕೆಲಸ ಇರುವ ತನಕ ಮಾತ್ರ. ನಿವೃತ್ತಿಯಾದ ತಿಂಗಳು ಪಾತ್ರೆಪಗಡ ಕಟ್ಟಿಕೊಂಡು ಹೊರಡಬೇಕು. ಅಪ್ಪನಿಗಿಂತ ಮುಂಚೆ ಅಲ್ಲಿದ್ದ ರೈಟರು ಹಾಗೆ ಹೊರಟು, ಮಗಳ ಮನೆಯ ಜಗುಲಿಯಲ್ಲಿ ಕೊನೆಯ ದಿನ ಕಳೆದದ್ದನ್ನು ಅಪ್ಪ ನೋಡಿದ್ದ. 2016ರಲ್ಲಿ ಅಮ್ಮನ ಬಳೆ ಮಾರಿ ಅಡಿಪಾಯ ಹಾಕಿಸಿ, ಉಳಿದದ್ದಕ್ಕೆ ಬ್ಯಾಂಕಿನಿಂದ 10 ಲಕ್ಷ ಸಾಲ ಮಾಡಿ ಹಾರಂಗಿಯಲ್ಲಿ ಮನೆ ಕಟ್ಟಿಸಿದ. ಬಡ್ಡಿ 9.5%, ಅವಧಿ 15 ವರ್ಷ, ಅಪ್ಪನಿಗೆ ಅರವತ್ತಾಗುವ ಹೊತ್ತಿಗೆ ಮುಗಿಯುವ ಹಾಗೆ.

ಮೊದಲ ಕಂತು 10,442 ರೂಪಾಯಿ. ಅದರಲ್ಲಿ ಬಡ್ಡಿ 7,917, ಅಸಲಿಗೆ ಹೋದದ್ದು 2,525. ಪಾಸ್‌ಬುಕ್ಕು ನೋಡಿದ ಅಪ್ಪ ಆ ರಾತ್ರಿ ಊಟ ಮಾಡಲಿಲ್ಲ. ಹದಿನೈದು ವರ್ಷ ಹೀಗೇ ಕಟ್ಟಿದರೆ ಒಟ್ಟು 18 ಲಕ್ಷ 80 ಸಾವಿರ. ನಾನು ಆಗ ಬಿ.ಎ. ಓದುತ್ತಿದ್ದೆ. ಕಾಲೇಜಿನ ಕಂಪ್ಯೂಟರಿನಲ್ಲಿ ಎಕ್ಸೆಲ್ ಹಾಳೆ ಮಾಡಿ ಅಪ್ಪನಿಗೆ ತೋರಿಸಿದೆ: ತಿಂಗಳಿಗೆ 3,000 ಹೆಚ್ಚಿಗೆ ಕಟ್ಟಿದರೆ ಸಾಲ 9 ವರ್ಷ 5 ತಿಂಗಳಿಗೆ ಮುಗಿಯುತ್ತದೆ, ಬಡ್ಡಿಯಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ಉಳಿಯುತ್ತದೆ. ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮುಂಚೆ ತೀರಿಸುವವರಿಗೆ ಬ್ಯಾಂಕುಗಳು ದಂಡ ಹಾಕಬಾರದೆಂದು ರಿಸರ್ವ್ ಬ್ಯಾಂಕು 2012ರಲ್ಲೇ ಹೇಳಿತ್ತು. ಹಾಗಾಗಿ ದಾರಿ ತೆರೆದಿತ್ತು. ಬೇಕಾದದ್ದು ತಿಂಗಳಿಗೆ ಮೂರು ಸಾವಿರ ಮಾತ್ರ.

ಆ "ಮಾತ್ರ" ಎಲ್ಲಿಂದ ಬಂತು ಎನ್ನುವುದೇ ಮುಂದಿನ ಒಂಬತ್ತು ವರ್ಷ. ಭಾನುವಾರದ ಕೋಳಿ ತಿಂಗಳಿಗೊಂದಾಯಿತು. ಅಪ್ಪ ಸಂಜೆಯ ಹೋಟೆಲ್ ಚಹಾ ಬಿಟ್ಟ, ಬೈಕನ್ನು ಇಳಿಜಾರಿನಲ್ಲಿ ಆಫ್ ಮಾಡಿ ಉರುಳಿಸಿಕೊಂಡು ಬರುವುದನ್ನು ಕಲಿತ. ಹೊರಗೋಡೆಗೆ ಸಿಮೆಂಟು ಸಾರಿಸಲೇ ಇಲ್ಲ. ಮಳೆಗಾಲದಲ್ಲಿ ಇಟ್ಟಿಗೆಯ ಮೇಲೆ ಪಾಚಿ ಬೆಳೆದು ಮನೆ ದೂರದಿಂದ ಹಸಿರು ಬಣ್ಣ ಹೊಡೆದಂತೆ ಕಾಣುತ್ತಿತ್ತು. ಅಮ್ಮ ಕೂಡ್ಲೂರು ಕೈಗಾರಿಕಾ ಪ್ರದೇಶದ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಸೀಸನ್ನಿನ ತಿಂಗಳುಗಳಲ್ಲಿ ಬೀಜ ಆರಿಸುವ ಕೆಲಸಕ್ಕೆ ಸೇರಿಕೊಂಡಳು. ಕರಿ ಬೀಜ, ಒಡಕು ಬೀಜ, ಹುಳ ತಿಂದ ಬೀಜ ಹೆಕ್ಕಿ ತೆಗೆಯುವುದು. ನಿತ್ಯದ ಕಾಫಿಯ ದುಡ್ಡನ್ನು ಉಳಿಸಿ ಶ್ರೀಮಂತರಾಗಿ ಎಂದು ಉಪದೇಶ ಮಾಡುವ ಅಮೆರಿಕನ್ ಪುಸ್ತಕಗಳನ್ನು ನಮ್ಮ ಹುಡುಗರು ಈಗ ಬಹಳ ಓದುತ್ತಾರೆ. ಅವರು ಬಿಡಬೇಕೆಂದಿರುವ ಆ ಕಾಫಿಯ ಬೀಜ ಆರಿಸಿದವಳು ಮನೆಗೆ ಬಂದು ಬೆಲ್ಲದ ಕರಿಕಾಫಿ ಕುಡಿಯುತ್ತಿದ್ದಳು, ಹಾಲು ಉಳಿಯಲಿ ಎಂದು.

ನನ್ನ ಎಕ್ಸೆಲ್ ಹಾಳೆಯಲ್ಲಿ ಇನ್ನೊಂದು ಲೆಕ್ಕ ಇತ್ತು. ಸಾಲದ ಮೊದಲ ತಿಂಗಳಲ್ಲಿ ಹೆಚ್ಚುವರಿಯಾಗಿ ಕಟ್ಟಿದ 1,000 ರೂಪಾಯಿ, ಹದಿನೈದನೇ ವರ್ಷದ ಕೊನೆಯ ಕಂತುಗಳಲ್ಲಿ ಸುಮಾರು 4,100 ರೂಪಾಯಿಯನ್ನು ಇಳಿಸುತ್ತದೆ. ಚಕ್ರಬಡ್ಡಿ ತಿರುಗಿ ನಮ್ಮ ಪರವಾಗಿ ಕೆಲಸ ಮಾಡುವುದು ಹೀಗೆ. ಅಪ್ಪನಿಗೆ ಇದು ಮಂತ್ರದ ಹಾಗೆ ಹಿಡಿಸಿತು. ಅಂದಿನಿಂದ ಮನೆಯಲ್ಲಿ ಪ್ರತಿ ಖರ್ಚಿನ ಬೆಲೆಯೂ ನಾಲ್ಕು ಪಟ್ಟಾಯಿತು. ಇನ್ನೂರರ ಚಪ್ಪಲಿ ಎಂಟುನೂರರದ್ದಾಗಿ ಕಾಣತೊಡಗಿತು. 2017ರಲ್ಲಿ ಹಲ್ಲಿಗೆ ಆರು ಸಾವಿರ ಎಂದಾಗ ನಾನು ಕ್ಯಾಲ್ಕುಲೇಟರ್ ಒತ್ತಿ, ಇದು ಸಾಲದ ಕೊನೆಗೆ ಇಪ್ಪತ್ತೆರಡು ಸಾವಿರಕ್ಕೂ ಮೇಲಾಗುತ್ತದೆ ಎಂದೆ. ಯಾರೂ ಒತ್ತಾಯ ಮಾಡಲಿಲ್ಲ. "ಅಷ್ಟು ದುಡ್ಡು ಒಂದು ಹಲ್ಲಿಗೆ ಯಾಕೆ, ತೆಗೆಸಿಬಿಡಾಣ" ಎಂದವಳು ಅಮ್ಮನೇ. ಆ ಮಾತನ್ನೂ ನನ್ನ ಪ್ರಬಂಧದಲ್ಲಿ ಬಳಸಿಕೊಂಡಿದ್ದೆ, ಹಲ್ಲು ತೆಗೆದು ಸೀರೆ ಹಾಕಿ.

ಆ ಲೆಕ್ಕದಲ್ಲಿ ತಪ್ಪಿತ್ತು. ಸಾಲ ಹದಿನೈದು ವರ್ಷ ನಡೆದರೆ ಮಾತ್ರ ಆರು ಸಾವಿರ ಇಪ್ಪತ್ತೆರಡಾಗುವುದು. ಬೇಗ ತೀರಿಸುತ್ತಿರುವ ಸಾಲದಲ್ಲಿ ಅದು ಹದಿಮೂರು ಸಾವಿರದ ಆಸುಪಾಸಿಗೆ ನಿಲ್ಲುತ್ತದೆ. ಇದು ನನಗೆ ಹೊಳೆದದ್ದು ಕಳೆದ ವರ್ಷ. ಮತ್ತೆ ಕೂತು ನಾಲ್ಕೂ ಹಲ್ಲಿನ ಲೆಕ್ಕ ಹಾಕಿದೆ. ನಾಲ್ಕನ್ನೂ ಆಯಾ ವರ್ಷ ಆರಾರು ಸಾವಿರ ಕೊಟ್ಟು ಉಳಿಸಿಕೊಂಡಿದ್ದರೆ ನಮ್ಮ ಸಾಲ ಎಷ್ಟು ತಡವಾಗಿ ತೀರುತ್ತಿತ್ತು? ನಾಲ್ಕು ತಿಂಗಳು. ಸರಿಯಾಗಿ ಹೇಳಬೇಕೆಂದರೆ ನಾಲ್ಕು ತಿಂಗಳೂ ಇಲ್ಲ.

ಇಷ್ಟು ಓದಿದವರಲ್ಲಿ ಕೆಲವರು, ಅದಕ್ಕೇ ನೋಡಿ ಬೇಗ ತೀರಿಸುವ ಹುಚ್ಚು ಬೇಡ ಎನ್ನುತ್ತಾರೆ. ಅವರ ಜೊತೆಗೂ ನನಗೆ ಒಪ್ಪಿಗೆಯಿಲ್ಲ. ಯೂಟ್ಯೂಬಿನ ಹಣಕಾಸು ಗುರುಗಳ ಪ್ರಕಾರ ಗೃಹಸಾಲ "ಒಳ್ಳೆಯ ಸಾಲ". ಅದನ್ನು ಎಳೆದುಕೊಂಡು ಹೋಗಿ, ಮಿಕ್ಕ ದುಡ್ಡನ್ನು ಎಸ್‌ಐಪಿಯಲ್ಲಿ ಹಾಕಿ, ತೆರಿಗೆ ವಿನಾಯಿತಿ ತಗೊಳ್ಳಿ ಎನ್ನುತ್ತಾರೆ. ತೆರಿಗೆ ಕಟ್ಟುವಷ್ಟು ಸಂಬಳವೇ ಇಲ್ಲದ ತೋಟದ ರೈಟರಿಗೆ ಬಡ್ಡಿಯ ಮೇಲಿನ ಎರಡು ಲಕ್ಷದ ವಿನಾಯಿತಿಯಿಂದ ಸಿಗುವುದು ಏನು? ಸೊನ್ನೆ. ಷೇರುಪೇಟೆ ಹನ್ನೆರಡು ಪರ್ಸೆಂಟ್ ಕೊಡಬಹುದು. ಬ್ಯಾಂಕು ಒಂಬತ್ತೂವರೆ ತಗೊಂಡೇ ತಗೊಳ್ಳುತ್ತದೆ. ಬಹುದು ಮತ್ತು ತಗೊಂಡೇ ತಗೊಳ್ಳುತ್ತದೆ, ಇವೆರಡರ ನಡುವೆ ಆರಿಸಿಕೊಳ್ಳಲು ಕೆಳಗೆ ಬೀಳುವಾಗ ಹಿಡಿಯುವವರು ಯಾರಾದರೂ ಇರಬೇಕು.

ಅದೂ ಹೋಗಲಿ, ಕೊಡಗಿನಲ್ಲಿ ಸಾಲ ಅನ್ನುವುದು ಬರೀ ಬಡ್ಡಿಯ ಪ್ರಶ್ನೆಯಲ್ಲ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಗುಡ್ಡಗಳು ಕುಸಿದಾಗ ಆ ಕೆಂಪು ನೀರು, ಮಣ್ಣು, ಮರದ ದಿಮ್ಮಿಗಳಲ್ಲಿ ಬಹುಪಾಲು ಹೊಳೆಗಳ ಮೂಲಕ ನಮ್ಮ ಜಲಾಶಯಕ್ಕೇ ಬಂತು. ಪತ್ರಿಕೆಯಲ್ಲಿ ದಿನಾ ಹಾರಂಗಿಯ ಮಟ್ಟ ನೋಡುವುದು ಇಲ್ಲಿನವರ ಅಭ್ಯಾಸ. ಗರಿಷ್ಠ 2,859 ಅಡಿ, ಇಂದಿನದು ಇಷ್ಟು, ಒಳಹರಿವು ಇಷ್ಟು ಎಂದು. ಆ ವಾರ ಅಪ್ಪ ಪತ್ರಿಕೆ ನೋಡಲಿಲ್ಲ, ಅಣೆಕಟ್ಟಿನ ಗೇಟಿನ ಸದ್ದು ಕೇಳುತ್ತ ಕೂತಿದ್ದ. ಆ ವರ್ಷವೂ ಮರುವರ್ಷವೂ ಕುಶಾಲನಗರದ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತು. ಅಪ್ಪನಿಗೆ ಗುರುತಿದ್ದ ಒಬ್ಬರ ಮನೆ ಮಣ್ಣಿನಡಿ ಹೋಯಿತು. ಮನೆ ಹೋದರೂ ಕಂತು ಹೋಗಲಿಲ್ಲ. ಅದನ್ನು ಕಂಡ ಮೇಲೆ ಬೇಗ ತೀರಿಸಬೇಕು ಎಂಬ ಅವಸರಕ್ಕೆ ಯಾವ ಎಕ್ಸೆಲ್ ಹಾಳೆಯೂ ಬೇಕಿರಲಿಲ್ಲ. 2020ರಲ್ಲಿ ಕೊರೊನಾ ಬಂದು ಆರು ತಿಂಗಳು ಕಂತು ಮುಂದೂಡಲು ಅವಕಾಶ ಕೊಟ್ಟಾಗಲೂ ನಾವು ಕಟ್ಟಿದೆವು, ಮುಂದೂಡಿದ ತಿಂಗಳಿಗೂ ಬಡ್ಡಿ ಓಡುತ್ತಲೇ ಇರುತ್ತದೆಂದು ಗೊತ್ತಿತ್ತು. 2022ರ ಮೇ ತಿಂಗಳಿಂದ ಮರುವರ್ಷದ ಫೆಬ್ರವರಿಯೊಳಗೆ ರೆಪೊ ದರ 4ರಿಂದ 6.5ಕ್ಕೆ ಏರಿತು. ನಮ್ಮ ಕಂತಿನ ಮೊತ್ತ ಹಾಗೇ ಇತ್ತು. ಹಿಗ್ಗಿದ್ದು ಬಾಕಿ ತಿಂಗಳುಗಳು, ಸದ್ದಿಲ್ಲದೆ. ಸ್ಟೇಟ್‌ಮೆಂಟು ತೆಗೆಸಿ ನೋಡಿದಾಗಲೇ ಗೊತ್ತಾದದ್ದು. ಹೀಗೆ ಮಾಡುವ ಮುನ್ನ ಸಾಲಗಾರರಿಗೆ ತಿಳಿಸಿ, ಅವರಿಗೆ ಆಯ್ಕೆ ಕೊಡಿ ಎಂದು ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಹೇಳಿದ್ದು 2023ರ ಆಗಸ್ಟಿನಲ್ಲಿ.

ಇನ್ನೊಂದು ಪಕ್ಷ ವಿಶ್ವವಿದ್ಯಾಲಯದ ಗೆಳೆಯರದು. ಸ್ವಂತ ಮನೆ ಎಂಬುದೇ ಮಧ್ಯಮವರ್ಗದ ಭ್ರಮೆ, ಸಾಲಗಾರನನ್ನು ವಿಧೇಯ ಪ್ರಜೆಯಾಗಿಸುವ ಯಂತ್ರ, ಎಂದು ಹಾಸ್ಟೆಲಿನ ಟೆರೇಸಿನಲ್ಲಿ ಒಬ್ಬ ನನಗೆ ರಾತ್ರಿ ಎರಡರ ತನಕ ವಿವರಿಸಿದ. ತಪ್ಪೇನಲ್ಲ. ಹೇಳಿದವನ ತಂದೆಯ ಮನೆ ಮೈಸೂರಿನ ಸರಸ್ವತೀಪುರಂನಲ್ಲಿದೆ. ಕ್ವಾರ್ಟರ್ಸು ಖಾಲಿ ಮಾಡುವ ದಿನ ಗೊತ್ತಿರುವವನಿಗೆ ಈ ಮಾತು ಹೇಳಲು ಸ್ವಲ್ಪ ನಾಚಿಕೆ ಬೇಕು.

ಹಾಗಾಗಿ ಬೇಗ ತೀರಿಸಿದ್ದು ಸರಿ ಎಂದೇ ಈಗಲೂ ಹೇಳುತ್ತೇನೆ. ನನ್ನ ತಕರಾರು ಅದನ್ನು ನಾವು "ಸರಳತೆ" ಎಂದು ಕರೆದದ್ದಕ್ಕೆ. ಸರಳತೆ ಎಂದ ಕೂಡಲೇ ಅದು ಗುಣವಾಗಿಬಿಡುತ್ತದೆ, ಗುಣಕ್ಕೆ ಯಾರೂ ಲೆಕ್ಕ ಕೇಳುವುದಿಲ್ಲ. ಖರ್ಚು ಕಡಿತ ಎಂದು ಕರೆದಿದ್ದರೆ ಯಾರದು ಎಷ್ಟು ಕಡಿತ ಎಂದು ಯಾರಾದರೂ ಕೇಳುತ್ತಿದ್ದರು. ಅಪ್ಪ ಚಹಾ ಬಿಟ್ಟ, ನಿಜ. ಅವನ ಹಲ್ಲು ಮೂವತ್ತೆರಡೂ ಇವೆ. ನಾನು? ನನ್ನ ಫೆಲೋಶಿಪ್ಪು ಏಳೆಂಟು ತಿಂಗಳಿಗೊಮ್ಮೆ ಗಂಟಾಗಿ ಬರುತ್ತದೆ, ಬಂದಾಗ ಅದರಲ್ಲಿ ಒಂದು ಪಾಲು ಸಾಲಕ್ಕೆ ಕಟ್ಟಿದ್ದೇನೆ, ಹೆಮ್ಮೆಯಿಂದ. ಅದು ಬರದ ತಿಂಗಳುಗಳಲ್ಲಿ ನನ್ನ ಮೆಸ್ ಬಿಲ್ಲು ಕಟ್ಟಿದವರು ಯಾರು ಎಂದು ಪ್ರಬಂಧದಲ್ಲಿ ಬರೆದಿರಲಿಲ್ಲ.

2023ರ ಕೊನೆಯಿಂದ ಅಮ್ಮನ ಖಾತೆಗೆ ಗೃಹಲಕ್ಷ್ಮಿಯ 2,000 ಬರತೊಡಗಿತು. ಜೀವಮಾನದಲ್ಲಿ ಆಕೆಯ ಹೆಸರಿಗೇ ಬಂದ ಮೊದಲ ಸರ್ಕಾರಿ ದುಡ್ಡು. ಬಂದ ದಿನವೇ ಅದು ಸಾಲದ ಖಾತೆಗೆ ಹೋಗುತ್ತಿತ್ತು, ನನ್ನದೇ ಫೋನಿನಿಂದ. ಮನೆಯ ಇ-ಸ್ವತ್ತು ಅಪ್ಪನ ಹೆಸರಿನಲ್ಲಿದೆ. ಒಬ್ಬಳ ಹೆಸರಿನ ದುಡ್ಡು ಇನ್ನೊಬ್ಬನ ಹೆಸರಿನ ಗೋಡೆಗೆ ಹೋಗುವಾಗ, ಅದೂ ಒಂದೇ ಸಂಸಾರ ತಾನೆ ಎನ್ನುವುದು ಸುಲಭ. ಸಂಸಾರ ಒಂದೇ. ಪಹಣಿ, ಇ-ಸ್ವತ್ತು, ಕ್ರಯಪತ್ರಗಳಲ್ಲಿ ಮಾತ್ರ ಅದು ಒಬ್ಬರದೇ.

ಸುಂಟಿಕೊಪ್ಪ ಎಂದರೆ ಸಾಹಿತ್ಯದವರಿಗೆ ಕೊಡಗಿನ ಗೌರಮ್ಮ ನೆನಪಾಗುತ್ತಾರೆ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ ಗುಂಡುಕುಟ್ಟಿಯ ತಮ್ಮ ಮನೆಗೆ ಅವರು ಬರಲೇಬೇಕೆಂದು ಉಪವಾಸ ಕೂತು, ಬಂದ ಮೇಲೆ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟ ಕತೆ ಎಲ್ಲರಿಗೂ ಗೊತ್ತು. ಆಕೆಯ ಗಂಡ ಅಲ್ಲಿನ ತೋಟದ ಉದ್ಯೋಗಿ. ತೊಂಬತ್ತು ವರ್ಷ ಕಳೆದರೂ ನಾವು ಆ ಘಟನೆಯನ್ನು ಗೌರಮ್ಮ ಒಡವೆ "ಕೊಟ್ಟರು" ಎಂದೇ ಹೇಳುತ್ತೇವೆ, ಒಡವೆ "ಹೋಯಿತು" ಎನ್ನುವುದಿಲ್ಲ. ಅದೇ ದಾರಿಯಲ್ಲಿ ಬೈಕಿನಲ್ಲಿ ಓಡಾಡುವ ರೈಟರ ಮನೆಯಲ್ಲಿ ಬಳೆಯ ಮಾತು ಬಂದರೆ ಎಲ್ಲರೂ, ಅಮ್ಮನನ್ನೂ ಸೇರಿಸಿ, "ಅಡಿಪಾಯಕ್ಕೆ ಬಳೆ ಹೋಯ್ತು" ಎನ್ನುತ್ತೇವೆ. ತಾಯಿ ಮಾಡಿದ್ದನ್ನು ಮಾಡಿದಳು ಎಂದು ಬರೆಯಲು ಪ್ರಬಂಧಕಾರನಿಗೆ ಕಷ್ಟವೇನು? ಕಷ್ಟ ಇದೆ. ಹಾಗೆ ಬರೆದರೆ ಮುಂದಿನ ವಾಕ್ಯದಲ್ಲಿ ಉಳಿದವರು ಏನು ಮಾಡಿದರು ಎಂದೂ ಬರೆಯಬೇಕಾಗುತ್ತದೆ. ಗಂಟಲು ಕಟ್ಟಿಸುವ ಕೊನೆಗೆ ಅದು ಅಡ್ಡ ಬರುತ್ತದೆ.

ಸಾಲ 2025ರ ಅಕ್ಟೋಬರಿನಲ್ಲಿ ತೀರಿತು. ಅಲ್ಲ, ತೀರಿಸಿದೆವು. ಪತ್ರಗಳನ್ನು ಮೂವತ್ತು ದಿನದೊಳಗೆ ವಾಪಸು ಕೊಡಬೇಕು, ತಡವಾದರೆ ದಿನಕ್ಕೆ 5,000 ರೂಪಾಯಿ ಗ್ರಾಹಕರಿಗೆ ಕೊಡಬೇಕು ಎಂಬ ನಿಯಮ ಈಗ ಇದೆ. ಅಪ್ಪ ಇಪ್ಪತ್ತೊಂಬತ್ತು ದಿನ ಕಾದು, ಇವರು ತಡ ಮಾಡಿದರೆ ಚೆನ್ನಾಗಿತ್ತು ಎಂದು ಆಸೆಪಟ್ಟ. ಮಾಡಲಿಲ್ಲ. ಪತ್ರ ತಂದು ಟ್ರಂಕಿನಲ್ಲಿಟ್ಟು ಬೀಗ ಹಾಕಿದ ಮೇಲೆ, ಇ-ಸ್ವತ್ತಿಗೆ ಅಮ್ಮನ ಹೆಸರು ಸೇರಿಸುವ ಮಾತು ತೆಗೆದೆ. ನೋಂದಣಿಗೆ ಎಷ್ಟು ಖರ್ಚು ಬೀಳುತ್ತದೆ ಎಂದು ಅಪ್ಪ ಕೇಳಿದ. ವಿಚಾರಿಸುತ್ತಿದ್ದೇನೆ.

ಡಿಸೆಂಬರಿನಲ್ಲಿ ಅಮ್ಮನನ್ನು ಕುಶಾಲನಗರದ ದಂತವೈದ್ಯರಿಗೆ ತೋರಿಸಿದೆ. ಈಗ ಬ್ರಿಡ್ಜು, ಇಂಪ್ಲಾಂಟು ಎಂದು ಬೇರೆಯೇ ಲೆಕ್ಕ. ಚೀಟಿ ನೋಡಿದ ಅಮ್ಮ, "ಇಷ್ಟು ವರ್ಷ ಅಭ್ಯಾಸ ಆಗದೆ, ಈಗ ಯಾಕೆ" ಅಂದಳು. ದಿನ ಗೊತ್ತು ಮಾಡಿದರೆ ಎರಡು ಸಲ ಮುಂದಕ್ಕೆ ಹಾಕಿಸಿದ್ದಾಳೆ, ಒಮ್ಮೆ ಕ್ಯೂರಿಂಗ್ ವರ್ಕ್ಸಿನ ಕೆಲಸ ಶುರುವಾಯಿತೆಂದು, ಇನ್ನೊಮ್ಮೆ ಬಸ್ಸು ತಪ್ಪಿತೆಂದು. ಮೊನ್ನೆ ಊರಿಗೆ ಹೋದಾಗ ಸಿಲಿಂಡರಿನ ಮೇಲೆ ಸೀಮೆಸುಣ್ಣದಲ್ಲಿ ಬರೆದ ತಾರೀಕು ನೋಡಿದೆ. ಎರಡು ತಿಂಗಳು ದಾಟಿತ್ತು. ಹೊರಗೆ ಹೊಗೆ ಏಳುತ್ತಿತ್ತು.